ಎತ್ತಬೇಡಿ, ಸರಿಸಿ

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಅದೇ ದಿನ ಆರೈಕೆಯ ಅಂತರರಾಷ್ಟ್ರೀಯ ದಿನವೂ ಹೌದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತ ನೋಡಿಕೊಳ್ಳುವವರೇ ಹಾಸಿಗೆ ಹಿಡಿಯುವುದು ನಮ್ಮ ಮನೆಗಳಲ್ಲಿ ಮಾಮೂಲಾಗಿಬಿಟ್ಟಿದೆ. ಆ ಎರಡನೇ ಹಾಸಿಗೆಯನ್ನು ತಪ್ಪಿಸಲು ರಟ್ಟೆಯ ಬಲ ಬೇಕಿಲ್ಲ. ನಾಲ್ಕು ಮರದ ತುಂಡು, ಒಂದು ಹಳೇ ಸೀರೆ, ಗೋಡೆಗೊಂದು ಸರಳು ಸಾಕು!

ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ ಮುಗಿದಿತ್ತು. ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಹಾಗಲಬಳ್ಳಿ. ನರಕ ಚತುರ್ದಶಿಯ ಬೆಳಗಿನ ಜಾವ ಐದಕ್ಕೆ ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋದೆ. ಎಡಗಡೆಗೆ ಲಕ್ವ ಹೊಡೆದು ಆಗ ನಾಲ್ಕು ತಿಂಗಳು. ವರ್ಷದ ಎಣ್ಣೆಸ್ನಾನ ಬಿಡಲು ಅವಳು ಒಪ್ಪಿರಲಿಲ್ಲ. ಬಿಡಿಸುವ ಮನಸ್ಸು ನನಗೂ ಇರಲಿಲ್ಲ.

ನೆತ್ತಿಗೆ ಎಣ್ಣೆ ಒತ್ತಿ, ಮೈಗೆಲ್ಲ ಸವರಿ, ಸೀಗೆಪುಡಿ ತಿಕ್ಕಿ, ನೀರು ಹುಯ್ದದ್ದಾಯಿತು. ಇನ್ನು ಮಣೆಯ ಮೇಲಿಂದ ಏಳಿಸಬೇಕು. ಮಣೆ ಇದ್ದದ್ದು ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ. ಕೆಳಗೆ ನೀರು, ಎಣ್ಣೆ, ಸೀಗೆ ಕಲಸಿದ ಕಡಪಾ ಕಲ್ಲು. ಅವಳ ಎರಡೂ ಕಂಕುಳಿಗೆ ಕೈಹಾಕಿ, ಉಸಿರು ಬಿಗಿಹಿಡಿದು ಎತ್ತಿದೆ.

ಎಣ್ಣೆಯ ಮೈ ಜಾರಿತು. ಹಿಡಿಯಲು ಪಕ್ಕಕ್ಕೆ ತಿರುಗಿದೆ. ಸೊಂಟದಲ್ಲಿ ಕಳಕ್ ಎಂದಿತು.

ಅಮ್ಮನಿಗೆ ಏನೂ ಆಗಲಿಲ್ಲ. ಗೋಡೆಗೆ ಆತು ಕೂತಳು. ನಾನು ಮಂಡಿಯೂರಿದವಳು ಏಳಲಾರದೆ ಹಾಗೇ ಇದ್ದೆ. ಹೊರಗೆ ಪಟಾಕಿಯ ಸದ್ದು. ಅವಳು ನನ್ನ ಮುಖ ನೋಡಿ, “ನನ್ನ ಬಲಗೈ ಗಟ್ಟಿಯಾಗೇ ಇದೆಯಲ್ಲೇ, ಹಿಡ್ಕೊಳ್ಳೋಕೆ ಏನಾದ್ರೂ ಕೊಟ್ಟಿದ್ರೆ ನಾನೇ ಏಳ್ತಿದ್ದೆ” ಅಂದಳು.

ಆ ಮಾತು ಅರ್ಥವಾಗಲು ನನಗೆ ಹನ್ನೆರಡು ದಿನ ಮಲಗಬೇಕಾಯಿತು.

ಹದಿನೆಂಟೂವರೆ ಸಿಮೆಂಟ್ ಮೂಟೆ

ಅಮ್ಮನಿಗೆ ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಹಬ್ಬ ಕಳೆದು ಬಂದಾಗ ಒಂದೇ ಕೋಣೆಯಲ್ಲಿ ಇಬ್ಬರು ಮಲಗಿದ್ದೆವು. “ದಿನಕ್ಕೆ ಎಷ್ಟು ಸಲ ಅಜ್ಜೀನ ಎತ್ತುತ್ತಿದ್ರಿ ಅಕ್ಕ?” ಎಂದು ಕೇಳಿದಳು.

ಎಣಿಸಿ ನೋಡಿದೆವು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಮತ್ತೆ ಹಾಸಿಗೆಗೆ. ದಿಂಬಿನಿಂದ ಜಾರಿದಾಗಲೆಲ್ಲ ಮೇಲಕ್ಕೆ. ಹದಿನಾರು ಸಲ. ಅಮ್ಮ 58 ಕೆಜಿ. ಗುಣಿಸಿದರೆ 928 ಕೆಜಿ. ಸಿಮೆಂಟಿನ ಲೆಕ್ಕದಲ್ಲಿ ದಿನಕ್ಕೆ ಹದಿನೆಂಟೂವರೆ ಮೂಟೆ.

ಎಪಿಎಂಸಿ ಯಾರ್ಡಿನ ಹಮಾಲಿಗಳನ್ನು ನೋಡಿದವರಿಗೆ ಗೊತ್ತು, ಅವರು ತುಂಬಿದ ಚೀಲವನ್ನು ಒಬ್ಬೊಬ್ಬರೇ ನೆಲದಿಂದ ಎತ್ತುವುದು ಕಡಿಮೆ. ಇಬ್ಬರು ಕಿವಿ ಹಿಡಿದು, “ಹೈಸಾ” ಎಂದು ದನಿಗೂಡಿಸಿ, ಮೂರನೆಯವನ ಬೆನ್ನಿಗೆ ಏರಿಸುತ್ತಾರೆ. ಹೊರುವವನು ಚೀಲವನ್ನು ಮೈಗೆ ಒತ್ತಿಕೊಂಡೇ ಹೆಜ್ಜೆ ಇಡುತ್ತಾನೆ. ದಿನವಿಡೀ ಭಾರ ಹೊತ್ತು ಬದುಕಬೇಕಾದವರು ಮೈಯನ್ನು ಉಳಿಸಿಕೊಳ್ಳುವ ಬಗೆಯನ್ನೂ ಕಲಿತಿರುತ್ತಾರೆ. ಮನೆಯಲ್ಲಿ ಮುದುಕರನ್ನು, ಕಾಯಿಲೆಯವರನ್ನು ಎತ್ತುವ ನಮಗೆ ಆ ಪಾಠ ಹೇಳಿದವರಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮಾತ್ರೆಗಳ ಪಟ್ಟಿ ಕೈಗೆ ಬರುತ್ತದೆ. ಮನೆಗೆ ಹೋದಮೇಲೆ ಇವರನ್ನು ಏಳಿಸುವುದು ಹೇಗೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಹಾರೆಯ ಉದ್ದ ತುದಿ

ತೋಟದಲ್ಲಿ ಬಂಡೆ ಸರಿಸುವವರಿಗೆ ಹಾರೆಯ ಲೆಕ್ಕ ಹೇಳಿಕೊಡಬೇಕಿಲ್ಲ. ಉದ್ದ ತುದಿ ಕೈಯಲ್ಲಿ, ಗಿಡ್ಡ ತುದಿ ಬಂಡೆಯ ಕೆಳಗೆ. ಹಾಸಿಗೆಯ ಮೇಲೆ ಬಗ್ಗಿ ಇನ್ನೊಬ್ಬರನ್ನು ಎತ್ತುವಾಗ ಈ ಹಾರೆ ತಿರುಗುಮುರುಗಾಗುತ್ತದೆ. ಮಲಗಿದವರ ಭಾರ ಉದ್ದ ತುದಿಗೆ, ನಮ್ಮ ಬೆನ್ನಿನ ಸ್ನಾಯು ಗಿಡ್ಡ ತುದಿಗೆ.

ಸೊಂಟದ ಕೆಳಗಿನ ಕೀಲನ್ನು ಹಾರೆಯ ಆನಿಕೆ ಎಂದುಕೊಳ್ಳಿ. ಬೆನ್ನಿನ ಸ್ನಾಯು ಅದರ ಹಿಂದೆ ಸುಮಾರು 5 ಸೆಂ.ಮೀ. ದೂರದಿಂದ ಎಳೆಯುತ್ತದೆ. ಚಾಚಿದ ಕೈಯಲ್ಲಿನ ಭಾರ ಮುಂದೆ 50 ಸೆಂ.ಮೀ. ದೂರದಲ್ಲಿರುತ್ತದೆ. ಅಲ್ಲಿಗೆ ಹತ್ತು ಪಟ್ಟು. 20 ಕೆಜಿಯನ್ನು ಹಿಡಿದರೆ ಸ್ನಾಯು 200 ಕೆಜಿಯಷ್ಟು ಎಳೆಯಬೇಕು. ಬಾಗಿದ ನಮ್ಮದೇ ತಲೆ, ಎದೆ, ತೋಳುಗಳ ಭಾರ ಇದರಲ್ಲಿ ಇನ್ನೂ ಸೇರಿಲ್ಲ. ಅಷ್ಟೂ ಒತ್ತಡ ಹೋಗಿ ಕೂರುವುದು ಎರಡು ಮೂಳೆಗಳ ನಡುವಿನ ಡಿಸ್ಕ್ ಎಂಬ ಪುಟ್ಟ ಬಿಲ್ಲೆಯ ಮೇಲೆ.

ಡಿಸ್ಕಿನ ಹೊರಗೆ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ದೊಡ್ಡವರಲ್ಲಿ ಅದರೊಳಕ್ಕೆ ರಕ್ತನಾಳ ಹೋಗುವುದಿಲ್ಲವೆಂದೇ ಹೇಳಬಹುದು. ಸುತ್ತಲಿನ ಮೂಳೆಯಿಂದ ಜಿನುಗುವ ಪೋಷಣೆಯಲ್ಲೇ ಅದು ಬದುಕಬೇಕು. ಆದ್ದರಿಂದಲೇ ಅಲ್ಲಿಯ ಗಾಯ ಮಾಯುವುದು ತಡ. ಬಾಗುವುದು, ಭಾರ ಹೊರುವುದು, ಹೊತ್ತಂತೆಯೇ ಪಕ್ಕಕ್ಕೆ ತಿರುಚುವುದು ಮೂರೂ ಕೂಡಿದಾಗ ನಾರು ಹರಿಯುವ ಅಪಾಯ ಹೆಚ್ಚು. ಬಚ್ಚಲಲ್ಲಿ ನಾನು ಮೂರನ್ನೂ ಒಂದೇ ಕ್ಷಣದಲ್ಲಿ ಮಾಡಿದ್ದೆ.

ಹೊತ್ತೂ ತಪ್ಪಿತ್ತು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಾವು ಹಿಂದಿನ ರಾತ್ರಿಗಿಂತ ಒಂದು-ಒಂದೂವರೆ ಸೆಂ.ಮೀ. ಎತ್ತರವಾಗಿರುವುದು ಇದರಿಂದಲೇ. ಉಬ್ಬಿದ ಡಿಸ್ಕು ಬಾಗಿದಾಗ ಹೆಚ್ಚು ಬಿಗಿಯಾಗುತ್ತದೆ. ಸೊಂಟನೋವು ಬಿಡದೆ ಕಾಡುತ್ತಿದ್ದವರಿಗೆ ಬೆಳಗಿನ ಮೊದಲ ಗಂಟೆಗಳಲ್ಲಿ ಬಗ್ಗಬೇಡಿ ಎಂದಷ್ಟೇ ಹೇಳಿ, ಅವರ ನೋವು ಇಳಿದದ್ದನ್ನು ಅಮೆರಿಕದ ಸಂಶೋಧಕ ಸ್ಟೋವರ್ ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಆರೈಕೆಯ ಮನೆಗಳಲ್ಲಿ ಬಟ್ಟೆ ಬದಲಿಸುವುದು, ಶೌಚ, ಸ್ನಾನವೆಲ್ಲ ಹಾಸಿಗೆ ಬಿಟ್ಟೆದ್ದ ಕೂಡಲೇ ಶುರುವಾಗುತ್ತದೆ. ಶೌಚಕ್ಕೆ ಕಾಯಿರಿ ಎನ್ನಲಾಗದು. ಸ್ನಾನವನ್ನು ಹತ್ತು ಗಂಟೆಗೆ ದೂಡಬಹುದು.

---
▪ 16 ಕೆಜಿ ಎಂಬ ಮಿತಿ

ರೋಗಿಯನ್ನು ಬರಿಗೈಯಲ್ಲಿ ಎತ್ತುವವರಿಗೆ 35 ಪೌಂಡು, ಅಂದರೆ ಸುಮಾರು 16 ಕೆಜಿ ಮೀರಬಾರದು ಎಂದು ಅಮೆರಿಕದ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿದರು. ಅದೂ ರೋಗಿ ಸಹಕರಿಸುವ, ಫಕ್ಕನೆ ಅಲುಗಾಡದ ಸಂದರ್ಭಕ್ಕೆ. 60 ಕೆಜಿಯ ಮನುಷ್ಯನ ಒಂದು ಕಾಲೇ ಹೆಚ್ಚುಕಡಿಮೆ 10 ಕೆಜಿ ತೂಗುತ್ತದೆ. ಎರಡೂ ಕಾಲು ಒಟ್ಟಿಗೆ ಮಂಚದ ಮೇಲೆ ಎತ್ತಿಡುವಾಗಲೇ ಮಿತಿ ದಾಟಿರುತ್ತದೆ.

---

ಹಿಡಿಕೆ ಇಲ್ಲದ ಹೊರೆ

ಕೊಡಕ್ಕೆ ಕಂಠವಿದೆ, ಬಕೆಟ್ಟಿಗೆ ಹಿಡಿಯಿದೆ, ಮೂಟೆಗೆ ಕಿವಿಯಿದೆ. ಮನುಷ್ಯನ ಮೈಗೆ ಹಿಡಿಕೆಯಿಲ್ಲ. ಅದು ಬಾಗುತ್ತದೆ, ಜಾರುತ್ತದೆ, ಕೈತಪ್ಪಿದರೆ ಮುರಿಯುತ್ತದೆ. ನರ್ಸುಗಳು ಹೊರುವ ಭಾರದ ಕುರಿತು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಇದೇ ಮಾತನ್ನು 1965ರಲ್ಲಿ ಎತ್ತಿತ್ತು. ಅದು ಕಾನೂನಿಗೆ ತಲುಪಲು ಕಾಲು ಶತಮಾನ ಹಿಡಿಯಿತು. ಅಪಾಯವಿರುವ ಕಡೆ ಕೈಯಿಂದ ಎತ್ತಿಸುವುದನ್ನು ಸಾಧ್ಯವಾದಷ್ಟೂ ತಪ್ಪಿಸಬೇಕು ಎಂಬ 1992ರ ನಿಯಮಗಳು ಅಲ್ಲಿ 1993ರ ಜನವರಿ 1ರಿಂದ ಜಾರಿಗೆ ಬಂದವು.

ಮಂಗಳೂರಿನ ಕಾಲೇಜುಗಳಲ್ಲಿ ಓದಿ ಬ್ರಿಟನ್ನು, ಐರ್ಲೆಂಡಿಗೆ ಹೋದ ನಮ್ಮ ನರ್ಸುಗಳಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ವಾರ್ಡಿಗೆ ಕಾಲಿಡುವ ಮೊದಲೇ ರೋಗಿಯನ್ನು ಸರಿಸುವ ತರಬೇತಿ ಆಗಬೇಕು. ಇಲ್ಲಿ ನಾಲ್ಕು ಜನ ಹಾಸಿಗೆಯ ಬಟ್ಟೆಯ ಮೂಲೆ ಹಿಡಿದು ಎತ್ತುತ್ತಿದ್ದ ಕೈಗಳು ಅಲ್ಲಿ ಎತ್ತುಯಂತ್ರದ ಗುಂಡಿ ಒತ್ತುವುದನ್ನು ಕಲಿಯುತ್ತವೆ.

‘ಇಬ್ಬರು ಹಿಡಿದರೆ ಆಯಿತಲ್ಲ’ ಎನ್ನುವವರಿದ್ದಾರೆ. ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮರಾಸ್ ಮತ್ತು ತಂಡ 1999ರಲ್ಲಿ ಇದನ್ನೇ ಅಳೆದುನೋಡಿತು. ‘ರೋಗಿ’ಯಾಗಿದ್ದವರು 50 ಕೆಜಿಯ, ಹೇಳಿದ ಮಾತು ಕೇಳಿ ಸಹಕರಿಸುವ ಮಹಿಳೆ. ಒಬ್ಬರು ಎತ್ತಿದರೂ ಇಬ್ಬರು ಎತ್ತಿದರೂ ಬೆನ್ನುಮೂಳೆಗೆ ಬಿದ್ದ ಒತ್ತಡ ಅಪಾಯದ ಮಟ್ಟದಲ್ಲೇ ಇತ್ತು. ಮುದುಕರ ದೇಶವೆನಿಸಿದ ಜಪಾನಿನ ಸರಕಾರ 2013ರಲ್ಲಿ ಸೊಂಟನೋವು ತಡೆಯುವ ತನ್ನ ಮಾರ್ಗಸೂಚಿಯನ್ನು ತಿದ್ದಿದಾಗ ಆರೈಕೆಯ ಕೆಲಸದಲ್ಲಿ ಮನುಷ್ಯರನ್ನು ತೋಳ್ಬಲದಿಂದ ಎತ್ತಿಸುವುದೇ ಸಲ್ಲದು ಎಂಬುದನ್ನು ತತ್ವವಾಗಿ ಬರೆಯಿತು.

ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ‘ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿ’ ಎಂಬ ಸಲಹೆಯನ್ನು ನಾವೆಲ್ಲ ಕೇಳಿದ್ದೇವೆ. ದುಡಿಯುವವರಿಗೆ ಇಂಥ ಪಾಠ ಹೇಳಿದ ಅಧ್ಯಯನಗಳನ್ನು ಒಟ್ಟುಮಾಡಿ 2011ರಲ್ಲಿ ನಡೆದ ಕಾಕ್ರೇನ್ ವಿಮರ್ಶೆಯಲ್ಲಿ, ಪಾಠದಿಂದಷ್ಟೇ ಬೆನ್ನುನೋವು ತಪ್ಪಿದ್ದಕ್ಕೆ ಪುರಾವೆ ಸಿಗಲಿಲ್ಲ. ತಗ್ಗಿನ ಮಂಚದ ಮೇಲೆ ಬಗ್ಗಿ 58 ಕೆಜಿ ಎತ್ತಲು ಸರಿಯಾದ ಭಂಗಿಯೇ ಇಲ್ಲ. ಮಂಚ ಬದಲಾಗಬೇಕು, ಬಚ್ಚಲು ಬದಲಾಗಬೇಕು, ಎತ್ತುವ ಯೋಚನೆಯೇ ಬದಲಾಗಬೇಕು.

ಶ್ರವಣಕುಮಾರನ ಅಡ್ಡೆ

ಆದರೆ ನಮ್ಮಲ್ಲಿ ಎತ್ತುವುದೇ ಪ್ರೀತಿಯ ಗುರುತು. ಚುನಾವಣೆ ಬಂತೆಂದರೆ ಅಜ್ಜಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಮತಗಟ್ಟೆಗೆ ಬರುವ ಮೊಮ್ಮಗನ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿತ್ತು. ನೋಡಿದವರ ಕಣ್ಣು ತುಂಬುತ್ತಿತ್ತು, ನನ್ನದೂ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಬಂದಾಗ ಅದೆಷ್ಟು ಬೆನ್ನುಗಳು ಉಳಿದವೋ! ಎತ್ತುವವನ ಬೆನ್ನೂ, ಎತ್ತಿಸಿಕೊಳ್ಳುವವರ ಮರ್ಯಾದೆಯೂ.

ಅಪ್ಪ ಅಮ್ಮನನ್ನು ಹೊತ್ತವರೆಂದರೆ ನಮಗೆ ನೆನಪಾಗುವವನು ಶ್ರವಣಕುಮಾರ. ಅವನ ಕತೆಯನ್ನು ಮಲಗಿದಲ್ಲೇ ಮತ್ತೆ ಮತ್ತೆ ನೆನೆದೆ. ಅವನು ಕುರುಡು ತಾಯಿತಂದೆಯರನ್ನು ತೋಳಲ್ಲಿ ಎತ್ತಿಕೊಂಡು ಹೊರಡಲಿಲ್ಲ. ಎರಡು ಬುಟ್ಟಿ ಕಟ್ಟಿದ, ಒಂದು ಅಡ್ಡೆ ಮಾಡಿದ. ಭಾರ ಎರಡೂ ಬದಿಗೆ ಸಮ. ಹೆಗಲಿನಿಂದ ನೇರ ಕಾಲಿಗೆ ಇಳಿಯುವ ಹಾಗೆ, ಬೆನ್ನು ಬಾಗದ ಹಾಗೆ. ಹಾರೆಯ ಉದ್ದ ತುದಿಯನ್ನು ಅವನು ಹೀಗೆ ಇಲ್ಲವಾಗಿಸಿದ್ದ. ತಂದೆತಾಯಿಯ ಸೇವೆಗೆ ಅವನು ಮೊದಲು ಸಲಕರಣೆ ಹೊಂದಿಸಿಕೊಂಡ ಎಂಬುದನ್ನು ಕತೆ ಹೇಳುವಾಗ ನಾವು ಬಿಟ್ಟೇಬಿಡುತ್ತೇವೆ.

ಮನೆಯಲ್ಲಿ ಎತ್ತುಯಂತ್ರ ತರೋಣವೇ ಎಂದರೆ, “ಯಂತ್ರಕ್ಕೆ ನೇತುಹಾಕ್ತೀರಾ ಹೆತ್ತ ತಾಯೀನ?” ಎಂದ ನೆಂಟರೊಬ್ಬರ ಮಾತು ನನ್ನನ್ನು ತುಂಬಾ ದಿನ ಚುಚ್ಚಿತು. ಆ ಯಂತ್ರವನ್ನು ಜನಪ್ರಿಯಗೊಳಿಸಿದ ಅಮೆರಿಕದ ಟೆಡ್ ಹೋಯರ್ ಸ್ವತಃ ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡವರು. ಎತ್ತಿಸಿಕೊಳ್ಳುವ ಕಷ್ಟ ಗೊತ್ತಿದ್ದವರೇ ಅದಕ್ಕೆ ರೂಪ ಕೊಟ್ಟದ್ದು. ಪೂರ್ತಿ ಮಲಗಿದಲ್ಲೇ ಇರುವವರ ಮನೆಗೆ ಈ ಯಂತ್ರ ಬೇಕೇಬೇಕು. ಬೆಂಗಳೂರಿನಂಥ ಊರುಗಳಲ್ಲಿ ಆಸ್ಪತ್ರೆ ಮಂಚ, ಗಾಲಿಕುರ್ಚಿಗಳ ಜೊತೆ ಇದೂ ಬಾಡಿಗೆಗೆ ಸಿಗುತ್ತದೆ.

ಮೂಗು ಕಾಲ್ಬೆರಳ ಮೇಲೆ

ನಮ್ಮ ಮನೆಗೆ ಅದು ಬೇಕಾಗಲಿಲ್ಲ. ಅಮ್ಮನ ಬಲಭಾಗದಲ್ಲಿ ಶಕ್ತಿಯಿತ್ತು, ಅದನ್ನು ನಾನು ಬಳಸಿಕೊಂಡಿರಲಿಲ್ಲ ಅಷ್ಟೆ.

ಫಿಸಿಯೋ ಹುಡುಗಿ ನನ್ನನ್ನು ದೂರ ನಿಲ್ಲಿಸಿ ಅಮ್ಮನ ಜೊತೆ ಮಾತಾಡಿದಳು. “ಅಜ್ಜಿ, ಮಂಚದ ಅಂಚಿಗೆ ಬನ್ನಿ. ಕುಂಡಿ ಒಂದೊಂದೇ ಪಕ್ಕ ಮುಂದಕ್ಕೆ ಸರಿಸಿ. ಪಾದ ಹಿಂದಕ್ಕೆ ತನ್ನಿ, ಮಂಡಿಗಿಂತ ಹಿಂದೆ. ಈಗ ಮೂಗು ಕಾಲ್ಬೆರಳ ಮೇಲೆ ಬರೋ ಹಾಗೆ ಬಗ್ಗಿ.” ಅಮ್ಮ ಬಗ್ಗಿದಳು. ಕುಂಡಿ ತಾನಾಗಿ ಹಗುರವಾಯಿತು. “ಒಂದು, ಎರಡು, ಮೂರು” ಎನ್ನುವಷ್ಟರಲ್ಲಿ ಅರ್ಧ ಎದ್ದಿದ್ದಳು.

ಕೂತವರು ಏಳುವಾಗ ತಲೆ, ಎದೆ ಮುಂದೆ ಬಂದು ಭಾರ ಪಾದದ ಮೇಲೆ ಬೀಳಬೇಕು. ನಾವು ಎದುರು ನಿಂತು ಕಂಕುಳಲ್ಲಿ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆದಾಗ ಅವರು ಮುಂದೆ ಬಾಗಲು ಜಾಗವೇ ಇರುವುದಿಲ್ಲ. ಅವರ ಕಾಲಿನ ಶಕ್ತಿ ಸುಮ್ಮನೆ ಕೂರುತ್ತದೆ, ಇಡೀ ಭಾರ ನಮ್ಮ ಸೊಂಟಕ್ಕೆ. ಲಕ್ವ ಹೊಡೆದ ಭುಜದ ಕೀಲಿನ ಸುತ್ತ ಸ್ನಾಯು ಸಡಿಲವಾಗಿರುವುದರಿಂದ ಕಂಕುಳ ಎಳೆತಕ್ಕೆ ಅದು ಜಾರಬಹುದು, ನರಕ್ಕೂ ಪೆಟ್ಟಾಗಬಹುದು. ಹಬ್ಬದ ಬೆಳಿಗ್ಗೆ ಅಮ್ಮನ ಭುಜ ಉಳಿದದ್ದು ಅದೃಷ್ಟ. ಸೋತ ಕೈಯನ್ನು ಹಿಡಿದು ಎಳೆಯುವುದಂತೂ ಎಂದಿಗೂ ಕೂಡದು.

ಫಿಸಿಯೋ ಹುಡುಗಿ ಹೇಳಿಕೊಟ್ಟ ಮಿಕ್ಕ ಸಂಗತಿಗಳು ಇವು. ಕುರ್ಚಿಯನ್ನು ಗಟ್ಟಿಯಿರುವ ಪಕ್ಕಕ್ಕೆ, ಮಂಚಕ್ಕೆ ತಾಕಿಸಿ ಇಡಬೇಕು. ಗಾಲಿಕುರ್ಚಿಯಾದರೆ ಬ್ರೇಕು ಹಾಕಿ ಕಾಲ್ಮಣೆ ಮಡಚಿರಬೇಕು. ನಾವು ನಿಲ್ಲುವುದು ಸೋತ ಪಕ್ಕದಲ್ಲಿ, ಅವರ ಸೋತ ಮಂಡಿಗೆ ನಮ್ಮ ಮಂಡಿ ಆನಿಸಿ. ಹಿಡಿಕೆ ಇಲ್ಲದ ಮೈಗೆ ಹಿಡಿಕೆ ಕೊಡಬಹುದು: ಸೊಂಟಕ್ಕೆ ಅಗಲ ಪಟ್ಟಿ. ಇದನ್ನು ಟ್ರಾನ್ಸ್‌ಫರ್ ಬೆಲ್ಟ್ ಎಂದು ಮಾರುತ್ತಾರೆ. ನಾವು ಅಪ್ಪನ ದಪ್ಪ ಪಂಚೆಯನ್ನು ಮಡಿಸಿ ಬಿಗಿದು ಕಟ್ಟಿದೆವು. ಹೊಟ್ಟೆಗೆ ಹೊಸದಾಗಿ ಶಸ್ತ್ರಚಿಕಿತ್ಸೆ ಆದವರಿಗೆ ಮಾತ್ರ ಇದು ಬೇಡ. ಅವರ ಕೈ ನಮ್ಮ ಕೊರಳನ್ನು ತಬ್ಬದಿರಲಿ, ಕಾಲು ಸೋತರೆ ಇಡೀ ಮೈ ನಮ್ಮ ಕತ್ತಿಗೆ ಜೋತುಬೀಳುತ್ತದೆ. ಮತ್ತು, ಎಣಿಸಬೇಕು. ಹಮಾಲಿಗಳ ‘ಹೈಸಾ’ದ ಹಾಗೆ ಇಬ್ಬರೂ ಒಂದೇ ಕ್ಷಣಕ್ಕೆ ಹೊರಡಬೇಕು.

ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಎಣಿಸುವುದು. ನಾನು ಮರೆತರೆ ತಾನೇ ಎಣಿಸುತ್ತಿದ್ದಳು.

ಹಳೇ ಸೀರೆಯ ಉಪಕಾರ

ದಿಂಬಿನಿಂದ ಕೆಳಕ್ಕೆ ಜಾರಿದವರನ್ನು ಮೇಲಕ್ಕೆ ತರುವುದು ದಿನಕ್ಕೆ ನಾಲ್ಕೈದು ಸಲದ ಕೆಲಸ. ಭಾರ ಎತ್ತಬೇಕಾದದ್ದೇ ಇಲ್ಲಿ ಇಲ್ಲ. ಅಡ್ಡಿಯಾಗುವುದು ಮೈ ಮತ್ತು ಹಾಸಿಗೆಯ ನಡುವಿನ ಉಜ್ಜಾಟ. ಅದನ್ನು ಕಳೆದರೆ ಆಯಿತು.

ಆಸ್ಪತ್ರೆಗಳಲ್ಲಿ ಇದಕ್ಕೆ ನುಣುಪಾದ ಜಾರುಬಟ್ಟೆ ಬಳಸುತ್ತಾರೆ. ನಾವು ನೈಲಾನಿನ ಹಳೇ ಸೀರೆಯನ್ನು ಎರಡು ಪದರ ಮಡಿಸಿ ಬೆನ್ನಿನಿಂದ ತೊಡೆಯವರೆಗೆ ಬರುವಂತೆ ಹಾಸಿದೆವು. ಪದರದ ಮೇಲೆ ಪದರ ಜಾರುತ್ತದೆ. ಅದರ ಮೇಲೊಂದು ಗಟ್ಟಿ ಹತ್ತಿ ಬಟ್ಟೆ, ಹಿಡಿದು ಸರಿಸಲು. ಅಮ್ಮ ಬಲಮಂಡಿ ಮಡಿಸಿ ಹಿಮ್ಮಡಿ ಒತ್ತುತ್ತಿದ್ದಳು. ನಾನೂ ತಂಗಿಯೂ ಎರಡು ಬದಿಯಲ್ಲಿ ನಿಂತು, ಒಂದು ಕಾಲು ಮುಂದಿಟ್ಟು, ನಮ್ಮ ಮೈಭಾರವನ್ನು ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ವರ್ಗಾಯಿಸುತ್ತಿದ್ದೆವು. ತೋಳಿಗೆ ಕೆಲಸವೇ ಇಲ್ಲ. ಆದಮೇಲೆ ನೈಲಾನನ್ನು ತೆಗೆದುಬಿಡಬೇಕು. ಬಿಟ್ಟರೆ ಬೆವರಿ ಚರ್ಮ ಕೆಡುತ್ತದೆ, ಮಂಚದಿಂದ ಜಾರುವ ಭಯವೂ ಇದೆ.

ಮಗ್ಗುಲು ಹೊರಳಿಸುವುದೂ ಹೀಗೆಯೇ. ಹೊರಳಬೇಕಾದ ದಿಕ್ಕಿಗೆ ಮುಖ ತಿರುಗಿಸಿ, ನಮ್ಮಿಂದ ಆಚೆ ಬದಿಯ ಮಂಡಿ ಮಡಿಸಿ, ಭುಜ ಮತ್ತು ಸೊಂಟವನ್ನು ಹಿಡಿದು ನಮ್ಮ ಕಡೆಗೆ ಹೊರಳಿಸಿಕೊಳ್ಳುವುದು. ಮಡಿಸಿದ ಮಂಡಿಯೇ ಹಾರೆ. ಈ ಸಲ ಅದರ ಉದ್ದ ತುದಿ ನಮ್ಮ ಕೈಯಲ್ಲಿರುತ್ತದೆ.

ಮಂಚದ ಎತ್ತರ ಮಾತ್ರ ಕಗ್ಗಂಟು. ಏಳುವವರಿಗೆ ಪಾದ ನೆಲಕ್ಕೆ ಊರುವಷ್ಟು ತಗ್ಗಿರಬೇಕು. ಬಟ್ಟೆ ಬದಲಿಸುವ ನಮಗೆ ಸೊಂಟದ ಮಟ್ಟಕ್ಕಿರಬೇಕು. ಏರಿಳಿಸುವ ಆಸ್ಪತ್ರೆ ಮಂಚ ಎರಡಕ್ಕೂ ಆಗುತ್ತದೆ. ಮನೆಯ ಮಂಚವಾದರೆ ಬಡಗಿಯಿಂದ ಗುಳಿ ತೋಡಿಸಿದ ನಾಲ್ಕು ಮರದ ತುಂಡನ್ನು ಕಾಲಿನಡಿ ಇಡಿಸಿ, ಅಮ್ಮನ ಮಂಡಿಗಿಂತ ಎರಡು ಬೆರಳು ಮೇಲೆ ತಂದೆವು. ಇಟ್ಟಿಗೆ ಜರುಗುತ್ತದೆ, ಅದು ಬೇಡ. ಉಳಿದ ಕೆಲಸಕ್ಕೆ ನಾನೇ ಸ್ಟೂಲಿನ ಮೇಲೆ ಕೂತೆ, ಇಲ್ಲವೇ ಒಂದು ಮಂಡಿಯನ್ನು ಮಂಚದ ಮೇಲೂರಿ ಹತ್ತಿರವಾದೆ. ಹತ್ತಿರವಾದಷ್ಟೂ ಹಾರೆ ಗಿಡ್ಡವಾಗುತ್ತದೆ.

---
▪ ಬೆಲ್ಟ್ ಕಟ್ಟಿದರೆ ಸಾಲದೇ?

ಸೊಂಟ ಹಿಡಿದೊಡನೆ ಮೆಡಿಕಲ್ ಶಾಪಿನ ಬೆಲ್ಟು ನೆನಪಾಗುತ್ತದೆ. ಆರೋಗ್ಯವಂತರಿಗೆ ಬೆಲ್ಟು ಬೆನ್ನಿನ ಪೆಟ್ಟನ್ನು ತಪ್ಪಿಸುತ್ತದೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ನಿಯಾಷ್ 1994ರಲ್ಲೇ ಹೇಳಿತು. 160 ಮಳಿಗೆಗಳ 9,377 ನೌಕರರನ್ನು ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಬೆಲ್ಟಿನಿಂದ ಲಾಭ ಕಾಣಲಿಲ್ಲ. ಬೆಲ್ಟು ಕಟ್ಟಿದ ಧೈರ್ಯದಲ್ಲಿ ಇನ್ನಷ್ಟು ಭಾರ ಎತ್ತುವುದೇ ಅಪಾಯ.

---

ಬಿದ್ದರೆ

ಇಷ್ಟೆಲ್ಲ ಮಾಡಿದರೂ ಬೀಳುವವರು ಬೀಳುತ್ತಾರೆ. ಬೀಳುತ್ತಿರುವವರನ್ನು ಗಾಳಿಯಲ್ಲೇ ಹಿಡಿಯಲು ಕೈ ಹೋಗುವುದು ಮನುಷ್ಯಸಹಜ. ಅಲ್ಲೇ ಇಬ್ಬರಿಗೂ ಪೆಟ್ಟಾಗುವುದು. ಹತ್ತಿರವಿದ್ದರೆ ಹಿಂದೆ ನಿಂತು, ಒಂದು ಕಾಲು ಮುಂದಿಟ್ಟು, ಅವರು ನಮ್ಮ ತೊಡೆಗೆ ಒರಗಿ ನಿಧಾನವಾಗಿ ನೆಲಕ್ಕೆ ಜಾರಲು ಬಿಡಬೇಕು, ತಲೆಯೊಂದನ್ನು ಕಾಪಾಡಿಕೊಂಡು.

ಆಮೇಲೆ ಅವಸರ ಬೇಡ. ಬಿದ್ದವರನ್ನು ಕಂಡೊಡನೆ ಅಕ್ಕಪಕ್ಕದವರೆಲ್ಲ ಓಡಿಬಂದು ಆಳಿಗೊಂದು ಕೈಕಾಲು ಹಿಡಿದು ಎತ್ತುತ್ತಾರೆ. ದಯವಿಟ್ಟು ತಡೆಯಿರಿ. ತೊಡೆಸಂದಿಯಲ್ಲಿ ನೋವಿದೆಯೇ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆಯೇ, ತಲೆಗೆ ಪೆಟ್ಟಾಗಿದೆಯೇ ನೋಡಿ. ಇದ್ದರೆ ದಿಂಬು, ಹೊದಿಕೆ ಕೊಟ್ಟು ಅಲ್ಲೇ ಮಲಗಿಸಿ 108ಕ್ಕೆ ಕರೆಮಾಡಿ.

ಏನೂ ಆಗಿಲ್ಲವೆಂದಾದರೆ ಎರಡು ಕುರ್ಚಿ ತನ್ನಿ. ಬಿದ್ದವರು ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಿಗೆ ಬರಲಿ. ಮುಂದಿನ ಕುರ್ಚಿಯ ಮೇಲೆ ಕೈಯೂರಿ ಗಟ್ಟಿ ಕಾಲಿನ ಪಾದ ನೆಲಕ್ಕಿಟ್ಟು ಏಳಲಿ. ಹಿಂದಿನಿಂದ ಇನ್ನೊಂದು ಕುರ್ಚಿಯನ್ನು ಅವರಡಿಗೆ ಸರಿಸಿ. ಹತ್ತು ನಿಮಿಷ ಹಿಡಿಯಬಹುದು. ಒಮ್ಮೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ಕುಸಿದಾಗ ನಮಗೆ ಅರ್ಧ ಗಂಟೆ ಹಿಡಿಯಿತು. ನಡುವೆ ನೆಲದ ಮೇಲೇ ಕೂತು ಇಬ್ಬರೂ ಕಾಫಿ ಕುಡಿದೆವು.

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಬೇರೆ ಬಗೆಯ ಪೆಟ್ಟು ಕಾದಿರುತ್ತದೆ. ಸ್ನಾನಕ್ಕೆ, ಬಟ್ಟೆಗೆ ಕೈಹಾಕಿದಾಗ ಹೊಡೆತ, ಪರಚು, ಕಚ್ಚು. ಯಾರೋ ಅಪರಿಚಿತರು ತನ್ನ ಸೀರೆ ಎಳೆಯುತ್ತಿದ್ದಾರೆ ಎಂದೇ ಆ ಜೀವಕ್ಕೆ ಅನ್ನಿಸಿರುತ್ತದೆ. ಮಣಿಕಟ್ಟು ಬಿಗಿಹಿಡಿದರೆ ಭಯ ಹೆಚ್ಚುತ್ತದೆ. ತೋಳಳತೆ ಹಿಂದೆ ಸರಿದು, ಎದುರಿನಿಂದ ಹೆಸರು ಹಿಡಿದು ಮಾತಾಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹೋಗುವುದೇ ದಾರಿ. ಇನ್ನೊಂದು ಪೆಟ್ಟು ಸೂಜಿಯದು: ಇನ್ಸುಲಿನ್ ಚುಚ್ಚುವವರು ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬಾರದು. ಬೆರಳಿಗೆ ಚುಚ್ಚಿಕೊಳ್ಳುವುದು ಆಗಲೇ. ಅದನ್ನು ಹಾಕಲು ದಪ್ಪ ಪ್ಲಾಸ್ಟಿಕ್ ಡಬ್ಬವೊಂದು ಪಕ್ಕದಲ್ಲಿರಲಿ.

ಎಳೆಗೂಸಿನ ಮನೆ

ಆರೈಕೆಯೆಂದರೆ ಮುದುಕರದ್ದಷ್ಟೇ ಅಲ್ಲ. ಬಾಣಂತನದ ಮನೆಯಲ್ಲಿ ಮಗುವಿಗೆ ನೀರು ಹಾಕುವ ಅಜ್ಜಿಯನ್ನು ನೆನೆಯಿರಿ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲಿನಿಂದ ಕೆಳಗಿನ ಕಾಲಿನ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು, ಮುಂದಕ್ಕೆ ಬಾಗಿ ಎಣ್ಣೆ ನೀವಿ, ಕೈಯಾರೆ ಬಿಸಿನೀರು ಮೊಗೆದು ಹುಯ್ಯುತ್ತಾಳೆ. ಅರವತ್ತರ ಬೆನ್ನಿಗೆ ಇದು ಸಣ್ಣ ಕೆಲಸವಲ್ಲ. ಬೆನ್ನು ಗೋಡೆಗೆ ಆನುವ ಹಾಗೆ ಕೂರುವುದು, ಎಣ್ಣೆ ಹಚ್ಚುವುದನ್ನು ಮಂಚದ ಮೇಲೆ ಮುಗಿಸುವುದು, ನೀರು ಮೊಗೆದುಕೊಡಲು ಇನ್ನೊಬ್ಬರು ನಿಲ್ಲುವುದು ಇಷ್ಟರಿಂದಲೇ ಹಗುರವಾಗುತ್ತದೆ.

ತಾಯಿಗೆ ನೋಯುವುದು ಹೆಬ್ಬೆರಳ ಬುಡ. ಬೆರಳು ಅಗಲಿಸಿ ಮಗುವಿನ ಕಂಕುಳಲ್ಲಿ ಹಿಡಿದು ದಿನಕ್ಕೆ ಐವತ್ತು ಸಲ ಎತ್ತುವಾಗ ಅಲ್ಲಿಯ ಸ್ನಾಯುರಜ್ಜು ತನ್ನ ಒರೆಯಲ್ಲಿ ತಿಕ್ಕಿ ಬಾತುಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ ಈ ತೊಂದರೆಗೆ ಅವರದೇ ಹೆಸರಿದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆ ಕೂಡಿಸಿ, ಅಂಗೈ ಮೇಲ್ಮುಖವಾಗಿ ಮಗುವಿನ ಕುಂಡಿ ಮತ್ತು ಬೆನ್ನಡಿಗೆ ಕೈ ತೂರಿಸಿ ಎತ್ತಿದರೆ ಭಾರ ಮುಂಗೈಗೆ ಹೋಗುತ್ತದೆ. ‘ಬಾಣಂತಿಗೆ ಶೀತ ಆಗಿದೆ’ ಎಂದು ತಿಂಗಳುಗಟ್ಟಲೆ ಬಟ್ಟೆ ಸುತ್ತಿಕೊಂಡು ಸುಮ್ಮನಿರುವವರನ್ನು ನೋಡಿದ್ದೇನೆ. ವೈದ್ಯರಲ್ಲಿ ಇದಕ್ಕೆ ಒಳ್ಳೆಯ ಉಪಚಾರವಿದೆ.

---
▪ ತಡಮಾಡಬೇಡಿ

ಸೊಂಟನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನರಗಳ ಗುಚ್ಛ ಒತ್ತಿಹೋಗಿರಬಹುದು, ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಉಳುಕು ತೆಗೆಸಲು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಲು ಹೋಗಬೇಡಿ. ಇಂಥ ಲಕ್ಷಣವಿಲ್ಲದ ಮಾಮೂಲು ಹಿಡಿತಕ್ಕೆ ಪೂರ್ತಿ ಮಲಗುವುದಕ್ಕಿಂತ ತಡೆಯುವಷ್ಟು ಓಡಾಡಿಕೊಂಡಿರುವುದೇ ಮೇಲು ಎಂದು ಫಿನ್ಲೆಂಡಿನ ಅಧ್ಯಯನವೊಂದು 1995ರಲ್ಲೇ ತೋರಿಸಿತು. ನಾನು ಹನ್ನೆರಡು ದಿನ ಮಲಗಿದ್ದೂ ತಪ್ಪೇ.

---

ಲೆಕ್ಕಕ್ಕಿಲ್ಲದ ಬೆನ್ನು

ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ 15ರಿಂದ 59ರ ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದಾರೆ. ದಿನಕ್ಕೆ ಸರಾಸರಿ 140 ನಿಮಿಷ. ಗಂಡಸರಲ್ಲಿ ಶೇ 21.4, 74 ನಿಮಿಷ. ಮನೆಯಲ್ಲಿ ಹೆಚ್ಚು ಬಲವಿರುವ ತೋಳು ಮಗನದ್ದು, ಎತ್ತುವವಳು ಸೊಸೆ. ಇದನ್ನು ಬದಲಿಸಲು ಸಲಕರಣೆ ಬೇಕಿಲ್ಲ, ಮನಸ್ಸು ಬೇಕು. ರಾತ್ರಿ ಮಗ್ಗುಲು ಹೊರಳಿಸುವ ಸರದಿಯಾದರೂ ಗಂಡಸರದ್ದಾಗಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ತಮ್ಮ ಅದನ್ನು ವಹಿಸಿಕೊಂಡ. ಮೊದಲ ವಾರವೇ, “ಅಕ್ಕ, ಇಷ್ಟು ದಿನ ಒಬ್ಬಳೇ ಹೇಗೆ ಮಾಡಿದೆ?” ಎಂದ.

ಹೋಂ ನರ್ಸ್ ಎಂದು ಬರುವ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ದಿನಕ್ಕೆ ಹನ್ನೆರಡು ಗಂಟೆ, ಕೆಲವು ಕಡೆ ಇಪ್ಪತ್ನಾಲ್ಕು, ತನಗಿಂತ ಭಾರದವರನ್ನು ಒಂಟಿಯಾಗಿ ಎತ್ತುವ ಹುಡುಗಿಯ ಬೆನ್ನು ಬಿದ್ದರೆ ಏಜೆನ್ಸಿ ಇನ್ನೊಬ್ಬಳನ್ನು ಕಳಿಸುತ್ತದೆ. ಮೊದಲನೆಯವಳು ಊರಿಗೆ ಹೋಗುತ್ತಾಳೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದಿತ್ತು. ಕಾರ್ಖಾನೆಯ ಗೇಟಿನೊಳಗೆ ಬೆನ್ನಿಗೆ ಸಿಕ್ಕ ಆ ರಕ್ಷಣೆ ಮಲಗುವ ಕೋಣೆಯೊಳಗೆ ಯಾಕಿರಬಾರದು? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಭತ್ಯೆಯ ಜೊತೆ ಜಾರುಬಟ್ಟೆಯನ್ನೂ, ಅದನ್ನು ಬಳಸಲು ಹೇಳಿಕೊಡುವವರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮನೆಗೆ ಕಳಿಸುವ ದಿನ ಬರಬೇಕು.

ಮರುವರ್ಷ

ಮರುವರ್ಷದ ಹಬ್ಬಕ್ಕೆ ಬಚ್ಚಲು ಬದಲಾಗಿತ್ತು. ಮಣೆ ಅಟ್ಟ ಸೇರಿ, ರಬ್ಬರ್ ಕಾಲಿನ ಸ್ಟೀಲ್ ಸ್ಟೂಲು ಬಂದಿತ್ತು. ಕಡಪಾ ಕಲ್ಲಿನ ಮೇಲೆ ರಬ್ಬರ್ ಚಾಪೆ. ಅಮ್ಮನ ಬಲಗೈಗೆ ಸಿಗುವ ಎತ್ತರದಲ್ಲಿ ಗೋಡೆಗೆ ಒಂದು ಸರಳು. ಅಂಟಿಸುವ ರಬ್ಬರ್ ಬಟ್ಟಲಿನ ಸರಳು ಕಿತ್ತುಬರುತ್ತದೆಂದು ಕೊಳಾಯಿ ಕೆಲಸದವನು ಗೋಡೆ ಕೊರೆದು ತಿರುಪು ಹಾಕಿ ಕೂರಿಸಿದ್ದ, ತಾನೇ ಜೋತುಬಿದ್ದು ತೋರಿಸಿದ್ದ.

ಎಣ್ಣೆಯನ್ನು ಮಂಚದ ಮೇಲೆಯೇ ನೆತ್ತಿಗೆ ಒತ್ತಿದೆ. ಮೈಗೆ ಸವರಿದ್ದನ್ನು ಟವೆಲಿನಿಂದ ಒರೆಸಿದೆ. ಹೊತ್ತು ಹತ್ತು ದಾಟಿತ್ತು. “ನರಕಾಸುರ ಸತ್ತು ಆಗಲೇ ಬಿಸಿಲೇರಿತಲ್ಲೇ” ಎಂದು ಅಮ್ಮ ನಗಾಡಿದಳು.

ನೀರು ಹುಯ್ದಾಯಿತು. ಅಭ್ಯಾಸಬಲದಿಂದ ನನ್ನ ಕೈ ಅವಳ ಕಂಕುಳ ಕಡೆ ಹೋಯಿತು. ಅವಳು ಪಾದ ಹಿಂದಕ್ಕೆಳೆದುಕೊಂಡು, ಸರಳು ಹಿಡಿದು, ಮೂಗನ್ನು ಕಾಲ್ಬೆರಳ ಮೇಲೆ ತಂದಳು.

“ಕೈ ತೆಗಿಯೇ. ಎಣಿಸು.”

ಎಣಿಸಿದೆ.